ಪಕ್ಕದವರ ವಾದ್ಯ ಕೇಳಿಸಬೇಕು

ಎಲ್ಲರಿಗೂ ನಮಸ್ಕಾರ.

ಗೆಳೆಯರೇ ಸೇರಿ ಕಟ್ಟಿದ ವಾದ್ಯತಂಡಗಳು ಏಕೆ ಒಡೆಯುತ್ತವೆ ಎಂದು ಯಾರನ್ನಾದರೂ ಕೇಳಿ ನೋಡಿ. ದುಡ್ಡು, ಅಹಂಕಾರ, ಸಂಸಾರ, ಈ ಮೂರರಲ್ಲಿ ಒಂದು ಉತ್ತರ ಬಂದೇ ಬರುತ್ತದೆ. ಮೂರೂ ಸುಳ್ಳಲ್ಲ. ಆದರೆ ಗೆಳೆಯರ ಜೊತೆ ಸಣ್ಣಪುಟ್ಟ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತ ಬಂದ ನನಗೆ ಕಂಡದ್ದು ಬೇರೆ. ನಮ್ಮ ಜಗಳಗಳಲ್ಲಿ ಹೆಚ್ಚಿನವು ಸದ್ದಿನ ಜಗಳಗಳು. ಒಬ್ಬರಿಗೆ ತಮ್ಮ ವಾದ್ಯವೇ ಕೇಳಿಸುವುದಿಲ್ಲ. ಇನ್ನೊಬ್ಬರಿಗೆ ಪಕ್ಕದವರದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ವೇದಿಕೆಯ ಮೇಲೆ ಅದು ಬರೀ ಕಿರಿಕಿರಿ. ಕಾರ್ಯಕ್ರಮ ಮುಗಿದು ಸಾಮಾನುಗಳನ್ನು ವಾಹನಕ್ಕೆ ತುಂಬುವ ಹೊತ್ತಿಗೆ ಅದಕ್ಕೆ ಬೇರೆ ಹೆಸರು ಬಂದಿರುತ್ತದೆ: "ನಿನಗೆ ನಮ್ಮ ಮೇಲೆ ಗೌರವವೇ ಇಲ್ಲ." ಆದ್ದರಿಂದ ಇಂದಿನ ಮಾತನ್ನು ಈ ಕೇಳಿಸುವ, ಕೇಳಿಸದಿರುವ ಸಂಗತಿಯಿಂದಲೇ ಆರಂಭಿಸುತ್ತೇನೆ.

ಮೊದಲು ನಾವು ಯಾರು ಎಂಬುದನ್ನು ಹೇಳಿಬಿಡಬೇಕು. ಹೆಸರು ಮಾಡಿದ ಕಲಾವಿದರು ನಾವಲ್ಲ. ಹಾಗೆಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ತಮ್ಮಷ್ಟಕ್ಕೆ ನುಡಿಸಿಕೊಳ್ಳುವವರೂ ಅಲ್ಲ. ಹಗಲು ಬೇರೆ ಕೆಲಸ, ಸಂಜೆ ತಾಲೀಮು, ಆಗೊಮ್ಮೆ ಈಗೊಮ್ಮೆ ಒಂದು ಕಾರ್ಯಕ್ರಮ. ಮಾನವಶಾಸ್ತ್ರಜ್ಞೆ ರುತ್ ಫಿನೆಗನ್ 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಒಂದೇ ಊರನ್ನು ಆರಿಸಿಕೊಂಡು, ಅಲ್ಲಿ ಯಾರು ಯಾರು ಸಂಗೀತ ಮಾಡುತ್ತಾರೆ ಎಂದು ಹುಡುಕಿದರು. ರಾಕ್ ತಂಡಗಳು, ವೃಂದಗಾಯಕರು, ಹಿತ್ತಾಳೆ ವಾದ್ಯಗಳ ಬ್ಯಾಂಡುಗಳು, ಜಾಝ್ ನುಡಿಸುವವರು, ಜಾನಪದ ಹಾಡುಗಾರರು ಎಲ್ಲರೂ ಸಿಕ್ಕರು. ಒಂದು ಗುಂಪಿನ ಲೋಕ ಇನ್ನೊಂದು ಗುಂಪಿಗೆ ಅಷ್ಟಾಗಿ ಗೊತ್ತಿರಲಿಲ್ಲ. ವೃತ್ತಿಪರರು ಯಾರು, ಹವ್ಯಾಸಿಗಳು ಯಾರು ಎಂಬ ಗೆರೆಯನ್ನು ಎಳೆಯುವುದೂ ಫಿನೆಗನ್ ಅವರಿಗೆ ಕಷ್ಟವಾಯಿತು. ನನಗೆ ಆ ಗೆರೆ ಇಂದಿಗೂ ಸಿಕ್ಕಿಲ್ಲ. ಸಿಗದಿದ್ದರೂ ನಷ್ಟವೇನಿಲ್ಲ. ಶ್ರುತಿ ತಪ್ಪಿದ ತಂತಿಗೆ ಅದನ್ನು ಮೀಟುವವರ ವೃತ್ತಿ ಯಾವುದಾದರೇನು!

ಈಗ ಕೋಣೆಗೆ ಬರೋಣ. ಚಿಕ್ಕ ಕಾರ್ಯಕ್ರಮ ಎಂದರೆ ಬಹುತೇಕ ಚಿಕ್ಕ ಕೋಣೆ, ತಗ್ಗಾದ ಛಾವಣಿ, ಬರಿಯ ಗೋಡೆಗಳು. ಮೂಲೆಯಲ್ಲಿ ನಮ್ಮ ಜಾಗ. ಇಂಥಲ್ಲಿ ಡ್ರಮ್ಸ್ ವಾದಕನೇ ಧ್ವನಿಮಟ್ಟದ ಒಡೆಯ. ಉಳಿದವರ ಸದ್ದನ್ನು ಗುಂಡಿ ತಿರುಗಿಸಿ ಇಳಿಸಬಹುದು. ಸ್ನೇರ್ ಡ್ರಮ್ಮಿಗೆ ಗುಂಡಿ ಇಲ್ಲ. ಅದನ್ನು ಮೆಲ್ಲಗೆ ನುಡಿಸಲು ಕೈ ಪಳಗಿರಬೇಕು. ಜೋರಾಗಿ ನುಡಿಸುವುದಕ್ಕಿಂತ ಮೆಲ್ಲಗೆ, ಆದರೆ ಕಾವು ಆರದಂತೆ ನುಡಿಸುವುದು ಎಷ್ಟೋ ಪಾಲು ಕಷ್ಟದ ವಿದ್ಯೆ. ಆ ವಿದ್ಯೆ ಇರುವ ಡ್ರಮ್ಸ್ ವಾದಕ ನಿಮಗೆ ಗೆಳೆಯನಾಗಿ ಸಿಕ್ಕಿದ್ದರೆ, ಅವನ ಉಳಿದ ಅವಗುಣಗಳನ್ನೆಲ್ಲ ಸಹಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಮ್ಮವನು ಎಲ್ಲಿಗೂ ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ನಾವು ಸಹಿಸಿಕೊಂಡಿದ್ದೇವೆ.

ಡ್ರಮ್ಮಿನ ಸದ್ದಿಗೆ ಸಮನಾಗಲು ಗಿಟಾರಿನ ಸದ್ದು ಏರುತ್ತದೆ. ಅದಕ್ಕೆ ಸಮನಾಗಲು ಕೀಬೋರ್ಡ್ ಏರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಗಾಯಕಿ ಗಂಟಲು ಬಿರಿಯುವಂತೆ ಹಾಡತೊಡಗುತ್ತಾಳೆ. ಇದು ಯಾರ ಸ್ವಭಾವದೋಷವೂ ಅಲ್ಲ. ಗದ್ದಲದಲ್ಲಿ ಮನುಷ್ಯನ ದನಿ ಅವನಿಗೆ ಅರಿವಿಲ್ಲದೆಯೇ ಏರುತ್ತದೆ ಎಂಬುದನ್ನು ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ವಿವರಿಸಿದರು. ಇಂದಿಗೂ ಅದನ್ನು ಲೊಂಬಾರ್ ಪರಿಣಾಮ ಎಂದೇ ಕರೆಯುತ್ತಾರೆ. ಕೇಳುಗರಿಗೂ ಇದು ಅನ್ವಯಿಸುತ್ತದೆ. ನಾವು ಜೋರಾದಷ್ಟೂ ಮೇಜುಗಳ ಸುತ್ತ ಕುಳಿತವರು ಜೋರಾಗಿ ಮಾತನಾಡುತ್ತಾರೆ. ಅವರ ಮಾತನ್ನು ಮುಳುಗಿಸಲು ನಾವು ಇನ್ನಷ್ಟು ಏರುತ್ತೇವೆ. ಈ ಪೈಪೋಟಿಯಲ್ಲಿ ಸಂಗೀತ ಗೆದ್ದದ್ದನ್ನು ನಾನು ನೋಡಿಲ್ಲ. ಹರಟೆ ಹೆಚ್ಚಾದಾಗ ನಾವು ಮಾಡುವುದು ಇದರ ಉಲ್ಟಾ: ಒಂದು ಹಾಡನ್ನು ತೀರಾ ಮೆಲ್ಲಗೆ, ಎರಡೇ ವಾದ್ಯಗಳಲ್ಲಿ ಎತ್ತಿಕೊಳ್ಳುತ್ತೇವೆ. ಕೆಲವೊಮ್ಮೆ ಸಭೆ ತಣ್ಣಗಾಗುತ್ತದೆ. ಕೆಲವೊಮ್ಮೆ ಆಗುವುದಿಲ್ಲ, ಆಗ ಕನಿಷ್ಠ ಗಾಯಕಿಯ ಗಂಟಲಾದರೂ ಉಳಿಯುತ್ತದೆ.

ಗಿಟಾರ್ ವಾದಕರ ಬಗ್ಗೆ ಒಂದು ಮಾತು, ನಾನೂ ಆ ಜಾತಿಯವನೇ ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ನಮ್ಮ ಆಂಪ್ಲಿಫೈಯರ್ ನೆಲದ ಮೇಲೆ ಕುಳಿತಿರುತ್ತದೆ, ನಾವು ಅದರ ಮುಂದೆ ನಿಂತಿರುತ್ತೇವೆ. ಸ್ಪೀಕರಿನಿಂದ ಬರುವ ಕೀರಲು ಸ್ವರಾಂಶಗಳು ಅಗಲವಾಗಿ ಹರಡದೆ ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತವೆ. ಅಂದರೆ ನನ್ನ ಮೊಣಕಾಲಿಗೆ ಅವು ಚೆನ್ನಾಗಿ ಕೇಳಿಸುತ್ತವೆ, ಕಿವಿಗೆ ಕೇಳಿಸುವುದಿಲ್ಲ. ನಾನು ಸದ್ದು ಏರಿಸುತ್ತೇನೆ. ಎದುರಿಗೆ ಕುಳಿತವರ ಕಿವಿ ಕೊರೆಯುತ್ತದೆ. ಇದಕ್ಕೆ ಪರಿಹಾರವೆಂದು ಜನ ಇನ್ನೂ ದೊಡ್ಡ ಆಂಪ್ಲಿಫೈಯರ್ ಕೊಳ್ಳುತ್ತಾರೆ. 50 ವಾಟ್ ಇದ್ದದ್ದು 100 ವಾಟ್ ಆದರೆ ಏರುವುದು ಸದ್ದಿನ ಅಳತೆಯಲ್ಲಿ ಸುಮಾರು 3 ಡೆಸಿಬೆಲ್ ಮಾತ್ರ. ಕೇಳುವವರಿಗೆ ಸದ್ದು ಎರಡು ಪಟ್ಟಾಯಿತು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಬೇಕು. ಇದ್ದ ಪೆಟ್ಟಿಗೆಯನ್ನೇ ಹಿಂದಕ್ಕೆ ಓರೆ ಮಾಡಿ ಮುಖಕ್ಕೆ ತಿರುಗಿಸಿಕೊಂಡರೆ ಅಥವಾ ಒಂದು ಕುರ್ಚಿಯ ಮೇಲೆ ಇಟ್ಟರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ. ನಮ್ಮ ತಂಡದಲ್ಲಿ ಬಹುಕಾಲ ನಡೆದ ಒಂದು ಶೀತಲ ಸಮರಕ್ಕೆ ತೆರೆ ಎಳೆದದ್ದು ಒಂದು ಮಡಚುವ ಕುರ್ಚಿ.

ಮೈಕ್ ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಸ್ಪೀಕರಿನ ಸದ್ದು ಮೈಕಿಗೆ ನುಗ್ಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಬೆಳೆಯುವ ಊಳು ಅದು. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಾಧಾರಣವಾಗಿ ಹಾಡಲು ಬಳಸುವ ಮೈಕ್ ಮುಂದಿನಿಂದ ಬರುವ ದನಿಯನ್ನು ಹೆಚ್ಚಾಗಿ, ಹಿಂದಿನಿಂದ ಬರುವುದನ್ನು ಕಡಿಮೆಯಾಗಿ ಹಿಡಿಯುವಂತೆ ರೂಪಿಸಲಾಗಿರುತ್ತದೆ. ತಲೆಯ ಜಾಲರಿಯ ಹಿಂಬದಿಯಲ್ಲಿ ಗಾಳಿಯಾಡುವ ಕಿಂಡಿಗಳಿರುವುದರಿಂದಲೇ ಇದು ಸಾಧ್ಯ. ಟಿವಿಯಲ್ಲಿ ಕಂಡವರಂತೆ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಕಿಂಡಿಗಳು ಮುಚ್ಚಿ, ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯತೊಡಗುತ್ತದೆ, ಊಳು ಶುರುವಾಗುತ್ತದೆ. ಆಗ ಎಲ್ಲರೂ, ಎಲ್ಲ ವಾದ್ಯಗಳ ಸದ್ದನ್ನು ಹದ ಮಾಡುವ ಮಿಕ್ಸರ್ ಮುಂದೆ ಕುಳಿತವರನ್ನು ದುರುಗುಟ್ಟಿ ನೋಡುತ್ತಾರೆ. ಸಣ್ಣ ಕಾರ್ಯಕ್ರಮಗಳಲ್ಲಿ ಆ ಕುರ್ಚಿಯಲ್ಲಿ ಇರುವವರು ಕೂಡ ನಮ್ಮದೇ ಗೆಳೆಯರು, ಸಂಭಾವನೆಯಲ್ಲಿ ಪಾಲು ಕೇಳಲು ಸಂಕೋಚಪಡುವವರು. ಅವರಿಗೆ ವಾದಕರಷ್ಟೇ ಪಾಲು ಕೊಡಿ. ಇದನ್ನು ನಾನು ಯಾವ ಸಭೆಯಲ್ಲಾದರೂ ವಾದಿಸಲು ಸಿದ್ಧ.

ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮೊದಲು ಸದ್ದು ಹೊಂದಿಸಿಕೊಳ್ಳುವುದು, ನಡೆಯುವುದು ಖಾಲಿ ಕೋಣೆಯಲ್ಲಿ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳು ಎತ್ತರದ ಸ್ವರಾಂಶಗಳನ್ನು ಹೀರಿಕೊಳ್ಳುತ್ತವೆ. ಸಂಜೆ ಕನ್ನಡಿಯಂತೆ ಸ್ವಚ್ಛವಾಗಿದ್ದ ಹಾಡು ರಾತ್ರಿ ಮಂಕಾಗಿ ಕೇಳಿಸುತ್ತದೆ. ಜೊತೆಗೆ ಕೋಣೆ ಬಿಸಿಯಾಗುತ್ತದೆ. ಬಿಸಿಗೆ ಲೋಹದ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಕೊಳಲಿನೊಳಗಿನ ಗಾಳಿ ಬಿಸಿಯಾದಂತೆ ಅದರ ಶ್ರುತಿ ಏರುತ್ತದೆ. ಕೊಳಲು ಮತ್ತು ಗಿಟಾರ್ ಒಂದೇ ವೇದಿಕೆಯಲ್ಲಿದ್ದರೆ ಇಬ್ಬರೂ ಪ್ರಾಮಾಣಿಕವಾಗಿ ತಾನೇ ಸರಿ ಎಂದು ನಂಬಿ ದೂರದೂರಕ್ಕೆ ಸರಿಯುತ್ತಾರೆ. ವಾದ್ಯಗಳನ್ನು ಶ್ರುತಿ ಮಾಡಲು 440 ಹರ್ಟ್ಸ್ ಎಂಬ ಮಟ್ಟವನ್ನು 1939ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಒಪ್ಪಿಕೊಂಡಿತು. ಒಪ್ಪಂದ ಕಾಗದದ ಮೇಲಿದೆ, ಕೋಣೆಯ ಬಿಸಿಗೆ ಅದು ತಿಳಿಯದು. ಎರಡು ಹಾಡುಗಳಿಗೊಮ್ಮೆ ಶ್ರುತಿ ನೋಡಿಕೊಳ್ಳಿ. ಆ ಮೌನದ ಅರ್ಧ ನಿಮಿಷದಲ್ಲಿ ಜೋಕ್ ಹೇಳಲೇಬೇಕೆಂಬ ನಿಯಮವಿಲ್ಲ.

ಇನ್ನು ಲಯ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮೀಟರ್ ದಾಟಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್. ಕ್ಷುಲ್ಲಕ ಎನಿಸುತ್ತದೆ. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು, ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಸ್ವಲ್ಪ ತಡವಾಗಿ ಕೇಳಿಸುವಂತೆ ಮಾಡಿ ನೋಡಿದರು. ತಡ ಹೆಚ್ಚಾದಾಗ ಜೋಡಿ ನಿಧಾನವಾಗುತ್ತ ಹೋಯಿತು. ತಡ ತೀರಾ ಕಡಿಮೆಯಾದಾಗ ಓಡತೊಡಗಿತು. ಹತ್ತಿರ ನಿಂತವರಿಗೆ ಸಿಗುವ ಪುಟ್ಟ ತಡದಲ್ಲೇ ಲಯ ಹದವಾಗಿ ನಿಂತಿತು. ಇದನ್ನು ಓದಿದ ಮೇಲೆ, ದೊಡ್ಡ ವೇದಿಕೆ ಸಿಕ್ಕಾಗಲೆಲ್ಲ ನಾವು ಏಕೆ ಎಳೆದಾಡಿದಂತೆ ನುಡಿಸುತ್ತೇವೆ ಎಂಬುದು ನನಗೆ ಅರ್ಥವಾಯಿತು. ಈಗ ವೇದಿಕೆ ಎಷ್ಟೇ ವಿಶಾಲವಾಗಿರಲಿ, ನಾವು ಒತ್ತೊತ್ತಾಗಿ ನಿಲ್ಲುತ್ತೇವೆ. ಬೇಸ್ ಗಿಟಾರ್ ನುಡಿಸುವವಳು ಡ್ರಮ್ಮಿನ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಗಳ ಪಕ್ಕದಿಂದ ಕದಲುವುದಿಲ್ಲ. ಛಾಯಾಗ್ರಾಹಕರು ಬೇಸರಪಡುತ್ತಾರೆ, ಪಡಲಿ.

ಕಿವಿಯ ವಿಷಯವನ್ನು ನಮ್ಮವರು ನಕ್ಕು ತಳ್ಳಿಹಾಕುತ್ತಾರೆ, ನಾನು ಹಾಗೆ ಮಾಡಲಾರೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ನಲ್ಲಿ ಸಿಗುವುದು ಕೇವಲ 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸಿನ ಸಿಂಬಲ್ ಎಂಬ ಲೋಹದ ತಟ್ಟೆಯ ಪಕ್ಕ ನಿಂತವರು ಮೊದಲ ಕೆಲವು ಹಾಡುಗಳಲ್ಲೇ ಅದನ್ನು ಖರ್ಚು ಮಾಡಿರುತ್ತಾರೆ. 2014ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ವಿಮಾ ದಾಖಲೆಗಳನ್ನು ನೋಡಿ, ವೃತ್ತಿಪರ ಸಂಗೀತಗಾರರಲ್ಲಿ ಸದ್ದಿನಿಂದಾಗುವ ಕಿವುಡು ಉಳಿದವರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ಹೇಳಿತು. ಕಿವಿಗೆ ಸ್ಪಂಜಿನ ಬಿರಡೆ ಇಟ್ಟುಕೊಂಡರೆ ಎತ್ತರದ ಸ್ವರಗಳೇ ಹೆಚ್ಚು ಮುಚ್ಚಿಹೋಗಿ ಎಲ್ಲ ಮೊದ್ದಾಗಿ ಕೇಳಿಸುತ್ತದೆ, ಹಾಗಾಗಿ ಬೇಡ ಎನ್ನುವವರಿದ್ದಾರೆ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುವ, ಸಂಗೀತಗಾರರಿಗೆಂದೇ ಮಾಡಿದ ಬಿರಡೆಗಳು ಸಿಗುತ್ತವೆ. ಗಿಟಾರಿನ ನಾದ ಬದಲಿಸುವ ಹೊಸ ಪೆಡಲ್ ಕೊಳ್ಳುವ ಮೊದಲು ಅವನ್ನು ಕೊಳ್ಳಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಇರುವುದೇ ಅಷ್ಟು. ನಮಗೆ ಸಿಗುವ ಸಂಭಾವನೆ ಓಡಾಟಕ್ಕೆ, ತಂತಿಗಳಿಗೆ, ಕೇಬಲ್‌ಗಳಿಗೆ ಸರಿಹೋದರೆ ಆ ತಿಂಗಳು ಒಳ್ಳೆಯದು. ಇದಕ್ಕೆ ಆಯೋಜಕರ ಜಿಪುಣತನ ಮಾತ್ರ ಕಾರಣವಲ್ಲ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲೇ ಇದನ್ನು ತೋರಿಸಿದ್ದಾರೆ. ಕಾರ್ಖಾನೆಯಲ್ಲಿ ಒಂದು ವಸ್ತುವಿಗೆ ಬೇಕಾದ ದುಡಿಮೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನಾಲ್ವರು ನುಡಿಸಬೇಕಾದ ಕೃತಿಗೆ ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದಿಗೂ ಅಷ್ಟೇ ಬೇಕು. ಹೊರಗಿನ ಸಂಬಳಗಳು ಏರುತ್ತವೆ, ನಮ್ಮ ಹಾಡು ಮಾತ್ರ ಬೇಗ ಮುಗಿಯುವುದಿಲ್ಲ. ಹಾಗಿದ್ದರೂ ಬಿಟ್ಟಿಯಾಗಿ ನುಡಿಸಿ ಎನ್ನುವವರಿಗೆ ಪ್ಯಾರಿಸಿನ ಒಂದು ಪ್ರಸಂಗ ಹೇಳುವುದುಂಟು. 1847ರಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರರು ಅಲ್ಲಿನ ಕೆಫೆಯೊಂದರಲ್ಲಿ ತಮ್ಮದೇ ಕೃತಿ ನುಡಿಸುತ್ತಿರುವುದನ್ನು ಕೇಳಿ, ನೀವು ನನ್ನ ಹಾಡಿಗೆ ದುಡ್ಡು ಕೊಡುವುದಿಲ್ಲವಾದರೆ ನಾನು ನಿಮ್ಮ ಬಿಲ್ಲಿಗೆ ಕೊಡುವುದಿಲ್ಲ ಎಂದು ಕೂತರು. ವಿಷಯ ನ್ಯಾಯಾಲಯಕ್ಕೆ ಹೋಯಿತು, ಅವರು ಗೆದ್ದರು. ಅದರ ಫಲವಾಗಿ 1851ರಲ್ಲಿ ಹುಟ್ಟಿದ ಸಾಸೆಮ್ ಎಂಬ ಸಂಘ ಇಂದಿಗೂ ರಚನಕಾರರ ಪರವಾಗಿ ಹಣ ವಸೂಲು ಮಾಡುತ್ತಿದೆ. ಸ್ವಂತ ಹಾಡು ಕಟ್ಟುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಯಾವ ಸಾಲು ಯಾರದ್ದು, ಯಾವ ಧಾಟಿ ಯಾರದ್ದು ಎಂಬುದನ್ನು ಹಾಡು ಮುಗಿದ ದಿನವೇ ಬರೆದಿಟ್ಟುಕೊಳ್ಳಿ. ಹಾಡಿಗೆ ಬೆಲೆ ಬಂದ ಮೇಲೆ ಬರೆಯಲು ಕೂತರೆ ಎಲ್ಲರ ನೆನಪೂ ತಮ್ಮ ತಮ್ಮ ಕಡೆಗೇ ವಾಲುತ್ತದೆ.

ಗೆಳೆತನದ ಬಗ್ಗೆ ಕೇಳಲು ಬಂದವರಿಗೆ ನಾನು ಕುರ್ಚಿ, ಕಿಂಡಿ, ಡೆಸಿಬೆಲ್ ಎಂದು ಹೇಳುತ್ತ ಕುಳಿತಿದ್ದೇನೆ. ಆದರೆ ಗೆಳೆತನ ಅಲ್ಲಲ್ಲೇ ಇದೆ ಎಂಬುದು ನನ್ನ ವಾದ. ಕೀಬೋರ್ಡಿನ ಗೆಳೆಯ ಎಡಗೈಯ ಸ್ವರಗಳನ್ನು ಕಡಿಮೆ ಮಾಡಿದರೆ ಬೇಸ್ ಗಿಟಾರಿಗೆ ಜಾಗ ಸಿಗುತ್ತದೆ. ನಾನು ಹಾಡಿನ ಚರಣದಲ್ಲಿ ಕೈ ಕಟ್ಟಿ ನಿಂತರೆ ಸಾಹಿತ್ಯ ಕೇಳಿಸುತ್ತದೆ. ಇಂಥದ್ದನ್ನು ಒಬ್ಬ ಗೆಳೆಯನಿಗೆ ಹೇಳುವುದು ಅಪರಿಚಿತನಿಗೆ ಹೇಳುವುದಕ್ಕಿಂತ ಕಷ್ಟ. ನಾವು ಕಂಡುಕೊಂಡ ದಾರಿ ಧ್ವನಿಮುದ್ರಣ. ತಾಲೀಮಿನಲ್ಲಿ ಮೊಬೈಲನ್ನು ಕೇಳುಗರು ಕೂರುವ ಜಾಗದಲ್ಲಿ ಇಟ್ಟು ರೆಕಾರ್ಡ್ ಮಾಡುತ್ತೇವೆ, ನಂತರ ಒಟ್ಟಿಗೆ ಕೂತು ಕೇಳುತ್ತೇವೆ. ಯಾರೂ ಯಾರನ್ನೂ ದೂರಬೇಕಾಗಿಲ್ಲ. ಅತಿಯಾಗಿ ನುಡಿಸಿದವರು ತಾವೇ ಗಂಟಲು ಸರಿಮಾಡಿಕೊಂಡು ಎದ್ದು ನೀರು ಕುಡಿಯಲು ಹೋಗುತ್ತಾರೆ.

ಸಾಕು, ಇನ್ನು ನುಡಿಸಿ ತೋರಿಸುತ್ತೇವೆ. ಗೆಳೆಯರು ವೇದಿಕೆಗೆ ಬರುತ್ತಿದ್ದಾರೆ. ಒಂದೇ ಹಾಡನ್ನು ಎರಡು ಸಲ ನುಡಿಸುತ್ತೇವೆ. ಮೊದಲು ಪ್ರತಿಯೊಬ್ಬರೂ ತಮಗೆ ತಾವು ಹಿತವಾಗಿ ಕೇಳಿಸುವಷ್ಟು ಸದ್ದಿನಲ್ಲಿ, ಆಮೇಲೆ ಪಕ್ಕದವರು ಕೇಳಿಸುವಷ್ಟು ಸದ್ದಿನಲ್ಲಿ. ಮೊದಲ ಸಲಕ್ಕೆ ಮುಂದಿನ ಸಾಲಿನವರು ಕಿವಿಗೆ ಬೆರಳಿಟ್ಟುಕೊಂಡರೆ ನಮಗೆ ಬೇಸರವಿಲ್ಲ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬಂದು ಖಾಲಿ ಕುರ್ಚಿಗಳಲ್ಲಿ ಕುಳಿತುಕೊಳ್ಳಿ, ಕೋಣೆ ಇನ್ನೂ ಸ್ವಲ್ಪ ಗುಂಯ್‌ಗುಡುತ್ತಿದೆ. ಡ್ರಮ್ಸ್ ವಾದಕ ಬಂದನೇ? ಬರುತ್ತಿದ್ದಾನಂತೆ. ಅಲ್ಲಿಯವರೆಗೆ ಪ್ರಶ್ನೆಗಳಿದ್ದರೆ ಕೇಳಿ.