ಕಡಿಮೆ ಬಜೆಟ್ಟಲ್ಲಿ ಸೆಕೆಂಡ್ ಹ್ಯಾಂಡ್ ಕನ್ವರ್ಟಿಬಲ್: ಮೊದಲು ನೀರಿನ ದಾರಿ ನೋಡಿ

ಬಾನೆಟ್ ಆಮೇಲೆ ಎತ್ತೋಣ. ಮೊದಲು ಇಲ್ಲಿ ಬನ್ನಿ, ಈ ಹಳೇ ಮಜ್ದಾ ಎಂಎಕ್ಸ್-5 ಕಾರಿನ ಸೀಟಿನ ಹಿಂದೆ. ಟಾಪ್, ಅಂದ್ರೆ ಮಡಚೋ ಬಟ್ಟೆಯ ಛಾವಣಿಯನ್ನ, ಅರ್ಧ ಮಡಚಿ ಕಾರ್ಪೆಟ್ಟಿನ ಮೂಲೆ ಎತ್ತಿದ್ದೀನಿ. ಸೀಟ್ ಬೆಲ್ಟ್ ಪಕ್ಕದಲ್ಲಿ ಒಂದು ತೂತು ಕಾಣಿಸ್ತಿದೆಯಲ್ಲ? ಟಾಪ್ ಮೇಲೆ ಬಿದ್ದ ಮಳೆನೀರು ಹಿಂದಕ್ಕೆ ಹರಿದು, ಈ ತೂತಿನಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಒಣಗಿದ ಎಲೆ, ಧೂಳು ಸೇರಿ ಇದು ಕಟ್ಟಿಕೊಂಡ್ರೆ ನೀರು ಒಳಗೇ ನಿಲ್ಲುತ್ತೆ. ನಿಂತ ನೀರು ಬಾಗಿಲ ಕೆಳಗಿರೋ ಪೊಳ್ಳು ಭಾಗಕ್ಕೆ, ಅಂದ್ರೆ ಸಿಲ್‌ಗೆ ಇಳಿದು, ಒಳಗಿನಿಂದಲೇ ತುಕ್ಕು ಹಿಡಿಸುತ್ತೆ. ಹೊರಗೆ ಪೇಂಟ್ ಫಳಫಳ ಅಂತಾನೇ ಇರುತ್ತೆ. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಹಳೇ ಕನ್ವರ್ಟಿಬಲ್‌ಗೆ ಆ ಮಾತು ಅಕ್ಷರಶಃ ನಿಜ.

ಮಾಲೀಕರನ್ನ ಕೇಳಿ ಒಂದು ಚೊಂಬು ನೀರು ಹಾಕ್ತಿದ್ದೀನಿ. ನಿಧಾನಕ್ಕೆ. ಕೆಳಗೆ ನೋಡಿ, ಚಕ್ರದ ಮುಂದೆ ಧಾರೆ ಬಂತು. ಈ ಕಡೆ ಪಾಸ್. ಆ ಕಡೆದೂ ಇದೇ ಥರ ನೋಡ್ಬೇಕು.

ಸಿಲ್ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳೋದಕ್ಕೆ ಕಾರಣ ಇದೆ. ಮಾಮೂಲಿ ಕಾರಲ್ಲಿ ಮೇಲ್ಛಾವಣಿಯೂ ಬಾಡಿಯನ್ನ ಹಿಡಿದಿಟ್ಟಿರುತ್ತೆ. ಅದನ್ನ ತೆಗೆದುಬಿಟ್ರೆ ಆ ಭಾರವೆಲ್ಲ ನೆಲ ಮತ್ತು ಸಿಲ್ ಮೇಲೆ ಬೀಳುತ್ತೆ. ಹಾಗಾಗಿ ಕನ್ವರ್ಟಿಬಲ್‌ನ ಸಿಲ್ಲಲ್ಲಿ ತುಕ್ಕು ಅಂದ್ರೆ ಅಂದಗೇಡಿನ ವಿಷಯ ಅಲ್ಲ, ಕಾರಿನ ಬೆನ್ನುಮೂಳೆಯ ವಿಷಯ. ಹಿಂದಿನ ಚಕ್ರದ ಹತ್ತಿರ ಸಿಲ್ ಮುಗಿಯೋ ಜಾಗವನ್ನ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಪೇಂಟ್ ಗುಳ್ಳೆ ಎದ್ದಿದ್ರೆ, ತಟ್ಟಿದಾಗ ಶಬ್ದ ಮಂದವಾಗಿ ಬಂದ್ರೆ, ಒಳಗೆ ಪುಟ್ಟಿ ತುಂಬಿರಬಹುದು. ಒಂದು ಸಣ್ಣ ಅಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗಿ, ಪುಟ್ಟಿ ದಪ್ಪಗಿರೋ ಕಡೆ ಅದು ಹಿಡಿಯಲ್ಲ. ಆಮೇಲೆ ಟಾಪ್ ಪೂರ್ತಿ ಇಳಿಸಿ ಎರಡೂ ಬಾಗಿಲು ಹಾಕಿ, ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ.

ಈಗ ನಾವು ನೋಡ್ತಿರೋದು ಎರಡನೇ ತಲೆಮಾರಿನ ಮಜ್ದಾ ಎಂಎಕ್ಸ್-5. ಈ ಹೆಸರು ಮೊದಲು ಬೆಳಕಿಗೆ ಬಂದಿದ್ದು 1989ರ ಶಿಕಾಗೋ ಆಟೋ ಶೋನಲ್ಲಿ. ಮೊದಲ ತಲೆಮಾರಿನದಕ್ಕೆ ಮೇಲೆದ್ದು ಬರೋ ಹೆಡ್‌ಲೈಟ್, 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ. ಕಾಗದದ ಮೇಲೆ ಓದಿದ್ರೆ ಇದೇನು ಮಹಾ ಅನ್ಸುತ್ತೆ. ಆದ್ರೆ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ, ನೀವು ಕೂತಿರೋದು ನೆಲಕ್ಕೆ ಹತ್ತಿರ, ತಲೆ ಮೇಲೆ ಆಕಾಶ. ಎರಡನೇ ಗೇರಲ್ಲಿ ಒಂದು ತಿರುವು ತಗೊಂಡ್ರೆ ಸಾಕು, ಅಂಕಿ ಎಲ್ಲ ಮರೆತುಹೋಗುತ್ತೆ. 2016ರಲ್ಲಿ ಹತ್ತು ಲಕ್ಷನೇ ಎಂಎಕ್ಸ್-5 ಕಾರ್ಖಾನೆಯಿಂದ ಹೊರಗೆ ಬಂತು. ಅಷ್ಟು ಕಾರು ಮಾರಾಟ ಆಗಿರೋದ್ರಿಂದ ಬಿಡಿಭಾಗ ಸಿಗುತ್ತೆ, ಯಾವ ಕಾಯಿಲೆ ಎಲ್ಲಿ ಬರುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. ಕಡಿಮೆ ದುಡ್ಡಲ್ಲಿ ಕನಸು ಕಾಣೋರಿಗೆ ಇದು ದೊಡ್ಡ ಸಮಾಧಾನ.

ಎರಡನೇ ತಲೆಮಾರಿನದು, ಅಂದ್ರೆ 1998ರಿಂದ 2005ರವರೆಗಿನದು, ಇನ್ನೊಂದು ಕಡೆ ತುಕ್ಕು ಹಿಡಿಯುತ್ತೆ: ಮುಂಭಾಗದ ಚಾಸಿ ರೈಲು, ಅಂದ್ರೆ ಕಾರಿನ ಮುಂಭಾಗವನ್ನ ಹೊತ್ತಿರೋ ಕೆಳಗಿನ ಉದ್ದ ತೊಲೆ. ಎರಡು ಪದರದ ಲೋಹ, ಮಧ್ಯೆ ತೇವ. ಇದನ್ನ ನಿಂತು ನೋಡಿದ್ರೆ ಕಾಣಲ್ಲ. ಕಾರನ್ನ ಲಿಫ್ಟ್ ಮೇಲೆ ಹತ್ತಿಸಲೇಬೇಕು. ಹತ್ತಿಸೋಕೆ ಒಪ್ಪದ ಮಾಲೀಕರ ಹತ್ತಿರ ಮಾತು ಮುಂದುವರಿಸಬೇಡಿ, ನಮಸ್ಕಾರ ಹೇಳಿ ಬಂದುಬಿಡಿ.

ಇನ್ನು ಟಾಪ್. ನೀವೇ ಬಿಚ್ಚಿ, ನೀವೇ ಹಾಕಿ, ಮಾಲೀಕರು ತೋರಿಸಿದ್ದನ್ನ ನೋಡಿ ಸುಮ್ನಾಗಬೇಡಿ. ಮಡಚೋ ಜಾಗದಲ್ಲಿ ಬಟ್ಟೆ ಕಂಬಿಗೆ ಉಜ್ಜಿ ಸವೆಯುತ್ತೆ, ಹೊಲಿಗೆ ಬಿಡುತ್ತೆ. ಒಳಗೆ ಕೂತು ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ತೂತೂ ಕಾಣುತ್ತೆ. ಮೊದಲ ತಲೆಮಾರಿನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿಂದು, ಟಾಪ್ ಇಳಿಸೋ ಮುಂಚೆ ಜಿಪ್ ತೆಗೆದು ಅದನ್ನ ಮಲಗಿಸಬೇಕು. ಚಳಿಯಲ್ಲಿ ಹಾಗೇ ಮಡಚಿದ್ರೆ ಬಿರುಕು ಬಿಡುತ್ತೆ. ಎರಡನೇದರಲ್ಲಿ ಗಾಜು ಬಂತು.

ಬಜೆಟ್ ನೋಡ್ತಾ ಇದ್ರೆ ಇನ್ನೂ ದೊಡ್ಡ ಹೆಸರುಗಳು ಕಣ್ಣಿಗೆ ಬೀಳ್ತಾವೆ. ಹಳೇ ಪೋರ್ಶೆ ಬಾಕ್ಸ್‌ಸ್ಟರ್ ಎಷ್ಟೋ ಸಲ ಒಳ್ಳೆ ಎಂಎಕ್ಸ್-5 ಬೆಲೆಯ ಹತ್ತಿರಕ್ಕೇ ಇಳಿದಿರುತ್ತೆ. 1996ರಲ್ಲಿ ಬಂದ ಮೊದಲ ಬಾಕ್ಸ್‌ಸ್ಟರ್ ಅದ್ಭುತವಾದ ಕಾರು, ಆರು ಸಿಲಿಂಡರ್ ಎಂಜಿನ್ ಮಧ್ಯದಲ್ಲಿ, ಆ ಸದ್ದೇ ಬೇರೆ. ಆದ್ರೆ ಕಾರಿನ ಬೆಲೆ ಇಳಿದಿದೆ ಅಂತ ಬಿಡಿಭಾಗದ ಬೆಲೆ ಇಳಿಯಲ್ಲ, ಅದು ಪೋರ್ಶೆ ಬೆಲೆಯೇ. ಆ ಎಂಜಿನ್ನಿನ ಒಳಗೆ ಐಎಂಎಸ್ (ಇಂಟರ್‌ಮೀಡಿಯೇಟ್ ಶಾಫ್ಟ್) ಬೇರಿಂಗ್ ಅಂತ ಒಂದಿದೆ. ಅದು ಕೈಕೊಟ್ರೆ ಇಡೀ ಎಂಜಿನ್ನೇ ಹೋಗಬಹುದು. ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೇ ತಿಳಿದೋರು ಕ್ಲಚ್ ಮಾಡಿಸೋವಾಗಲೇ ಈ ಕೆಲಸನೂ ಮುಗಿಸ್ತಾರೆ. ಬಿಲ್ ಇದ್ರೆ ಧೈರ್ಯವಾಗಿ ಮುಂದೆ ಹೋಗಿ. ಇಲ್ಲದಿದ್ರೆ ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರು ಇದೆಯಾ ನೋಡಿಸದೆ ದುಡ್ಡು ಕೊಡಬೇಡಿ.

ಬಿಎಂಡಬ್ಲ್ಯು ಝಡ್3 ಇಷ್ಟ ಆದ್ರೆ ಡಿಕ್ಕಿಯ ಕಾರ್ಪೆಟ್ ಎತ್ತಿ. ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನ ಹಿಂದಿನ ಎರಡೂ ಚಕ್ರಕ್ಕೆ ಹಂಚೋ ಭಾಗ) ಹಿಡಿದಿರೋ ಜಾಗದ ಮೇಲೆ ನೆಲದ ತಗಡು ಬಿರುಕು ಬಿಡೋದು, ಬೆಸುಗೆ ಬಿಡೋದು ಉಂಟು. ಅದರ ನಂತರದ ಝಡ್4ರಲ್ಲಿ ಟಾಪ್ ಎತ್ತೋ ಮೋಟರನ್ನೇ ನೀರು ಸೇರೋ ತಗ್ಗಲ್ಲಿ ಕೂರಿಸಿದ್ದಾರೆ. ಡ್ರೈನ್ ಕಟ್ಟಿಕೊಂಡ್ರೆ ಮೋಟರ್ ಮುಳುಗುತ್ತೆ. ನೋಡಿದ್ರಾ, ಎಲ್ಲಿಗೆ ಹೋದ್ರೂ ಕಥೆ ನೀರಿಗೇ ಬಂದು ನಿಲ್ಲುತ್ತೆ.

ಕಿಲೋಮೀಟರ್ ಕಡಿಮೆ ಓಡಿದೆ ಅಂತ ಕುಣಿದಾಡೋಕೂ ಮುಂಚೆ ಟೈರ್ ನೋಡಿ. ಇಂಥ ಕಾರುಗಳು ವರ್ಷದಲ್ಲಿ ಬಹುಪಾಲು ನಿಂತೇ ಇರ್ತಾವೆ. ಗ್ರಿಪ್ ಹೊಸದರಂತೆ ಕಾಣುತ್ತೆ, ರಬ್ಬರ್ ಮಾತ್ರ ಕಲ್ಲಾಗಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ಇಲ್ಲಿ 2314 ಅಂತಿದೆ, ಅಂದ್ರೆ 2014ರ 23ನೇ ವಾರದಲ್ಲಿ ತಯಾರಾಗಿದ್ದು. ನಾಲ್ಕೂ ಬದಲಾಯಿಸಲೇಬೇಕು. ಆ ಖರ್ಚನ್ನ ಈಗಲೇ ಬೆಲೆಯಲ್ಲಿ ಕಳೆಯೋಕೆ ಕೇಳ್ತೀನಿ.

ಅದಕ್ಕೇ ಕೈಯಲ್ಲಿರೋ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ ಅಂತ ನಾನು ಪದೇಪದೇ ಹೇಳೋದು. ಕಾಲು ಭಾಗ ಪಕ್ಕಕ್ಕಿಡಿ. ಟೈರ್, ಬ್ಯಾಟರಿ, ಬ್ರೇಕ್ ಆಯಿಲ್, ಕೂಲೆಂಟ್, ಬೆಲ್ಟ್, ಎಲ್ಲ ಮೊದಲ ವರ್ಷವೇ ಕೇಳ್ತಾವೆ. ಆ ಕಾಲು ಭಾಗ ಉಳಿಯಲ್ಲ ಅಂದ್ರೆ ಒಂದು ಮೆಟ್ಟಿಲು ಕೆಳಗಿನ ಮಾಡೆಲ್ ನೋಡಿ, ಅದರಲ್ಲೇ ಸಿಗೋ ಅತ್ಯುತ್ತಮ ಕಾರು ತಗೊಳ್ಳಿ. ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಅಡ್ವಾನ್ಸ್ ಕೊಡೋ ಮುಂಚೆಯೇ ವಿಚಾರಿಸಿ.

ಈಗ ಟೆಸ್ಟ್ ಡ್ರೈವ್. ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿದ್ದೆ, ಮಾಲೀಕರು ಹಾಗೇ ಇಟ್ಟಿದ್ದಾರೆ. ಸ್ಟಾರ್ಟ್ ಸಲೀಸು, ಹೊಗೆ ಇಲ್ಲ. ಕ್ಲಚ್ ಪೆಡಲ್ ಒತ್ತಿ ಹಿಡಿದಿದ್ದೀನಿ, ತಾನಾಗಿ ಕೆಳಗೆ ಜಾರ್ತಿಲ್ಲ. ಜಾರಿದ್ರೆ ಹೆಚ್ಚಾಗಿ ಪೆಡಲ್ ಒತ್ತಡವನ್ನ ಕ್ಲಚ್‌ಗೆ ತಲುಪಿಸೋ ಸ್ಲೇವ್ ಸಿಲಿಂಡರ್ ಸೋರ್ತಿರುತ್ತೆ, ಅದು ಸಣ್ಣ ರಿಪೇರಿ, ಹೆದರಬೇಕಿಲ್ಲ. ಬೇಕಂತಲೇ ಹಳ್ಳಕೊಳ್ಳದ ರಸ್ತೆಗೆ ತಗೊಂಡಿದ್ದೀನಿ. ಒಳಗಿನ ಕನ್ನಡಿ ನೋಡಿ, ಸ್ವಲ್ಪ ನಡುಗ್ತಿದೆ. ಛಾವಣಿ ಇಲ್ಲದ ಹಳೇ ಕಾರಲ್ಲಿ ಇಷ್ಟು ನಡುಕ ಸಹಜ. ಡ್ಯಾಶ್‌ಬೋರ್ಡ್ ಒಂದು ಕಡೆ, ಬಾಗಿಲು ಇನ್ನೊಂದು ಕಡೆ ಅಲುಗಾಡಿದ್ರೆ ಮಾತ್ರ ಸಿಲ್ ಕಡೆ ಮತ್ತೆ ನೋಡ್ಬೇಕು. ಗೇರ್ ಲಿವರ್ ಮಣಿಕಟ್ಟು ತಿರುಗಿಸಿದಷ್ಟಕ್ಕೇ ಟಕ್ ಅಂತ ಬೀಳ್ತಿದೆ. ಈ ಕಾರನ್ನ ಜನ ಇಷ್ಟು ಹಚ್ಚಿಕೊಳ್ಳೋದು ಇದಕ್ಕೇನೇ, ನನಗಂತೂ ಮುಖದ ಮೇಲೆ ನಗು ತಡೆಯೋಕಾಗ್ತಿಲ್ಲ.

ವಾಪಸ್ ಬಂದ್ವಿ. "ಸರ್, ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು?" ಅಂತ ಕೇಳ್ದೆ. ಫೈಲ್ ತೆಗೆದು ಹುಡುಕಿದ್ರು, ಆ ಬಿಲ್ ಇಲ್ಲ. ಎಂಜಿನ್ನಿನ ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ಆಡಿಸೋ ಬೆಲ್ಟ್ ಅದು, ಸುಮಾರು 1 ಲಕ್ಷ ಕಿಲೋಮೀಟರಿಗೆ ಬದಲಾಗಬೇಕಾದದ್ದು, ಬಿಲ್ ಇಲ್ಲ ಅಂದ್ರೆ ಬದಲಾಗಿಲ್ಲ ಅಂತಲೇ ಲೆಕ್ಕ. ಟೈರ್ ಮತ್ತು ಬೆಲ್ಟ್ ಎರಡನ್ನೂ ಮುಂದಿಟ್ಟು ಬೆಲೆ ಮಾತಾಡಿದ್ವಿ, ಅವರೂ ಸ್ವಲ್ಪ ಇಳಿದ್ರು, ನಾನೂ ಸ್ವಲ್ಪ ಏರಿದೆ. ಚಾಸಿ ನಂಬರ್ ಕಾಗದದ ಜೊತೆ ತಾಳೆ ಆಯ್ತು. ಕೈ ಕುಲುಕಿದ್ವಿ. ನಾಳೆ ಸೀದಾ ಗ್ಯಾರೇಜಿಗೆ: ಬೆಲ್ಟು, ಅದರ ಜೊತೆಗೇ ವಾಟರ್ ಪಂಪು, ಆಮೇಲೆ ಟೈರು. ಟಾಪ್ ಚೆನ್ನಾಗಿದೆ, ಅದಕ್ಕೆ ಈ ವರ್ಷ ಕೈ ಹಚ್ಚಲ್ಲ.