ಆನೆಯ ಕಣ್ಣಿನೆತ್ತರದ ಜೋಳ

[ಕಪ್ಪು ಪರದೆ. ಬೆಣ್ಣೆ ಕಡೆಯುವ ಸದ್ದು ಮಾತ್ರ.]

ತೆರೆ ಏಳುತ್ತದೆ. ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬೆಣ್ಣೆ ಕಡೆಯುತ್ತಿದ್ದಾಳೆ. ರಂಗದ ಮರೆಯಿಂದ, ವಾದ್ಯದ ಆಸರೆಯಿಲ್ಲದೆ, ಗಂಡುದನಿಯೊಂದು ಬೆಳಗನ್ನು ಹಾಡುತ್ತಾ ಹತ್ತಿರವಾಗುತ್ತದೆ. 1943ರ ಮಾರ್ಚ್ 31ರಂದು ನ್ಯೂಯಾರ್ಕಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ‘ಓಕ್ಲಹೋಮಾ!’ ಎಂಬ ಸಂಗೀತ ನಾಟಕ ಶುರುವಾದದ್ದು ಹೀಗೆ. ಅಲ್ಲಿ ಕೂತಿದ್ದವರಿಗೆ ತೆರೆ ಸರಿದೊಡನೆ ಕುಣಿಯುವ ಹುಡುಗಿಯರ ಸಾಲು ಕಂಡೇ ಅಭ್ಯಾಸ.

[ನಿರೂಪಕ ಕ್ಯಾಮೆರಾ ಮುಂದೆ]

‘ಓ, ವಾಟ್ ಎ ಬ್ಯೂಟಿಫುಲ್ ಮಾರ್ನಿನ್’ ಎಂಬ ಈ ಹಾಡು ನನಗೆ ಸಿಕ್ಕಿದ್ದು ಹಾಸ್ಟೆಲಿನಲ್ಲಿ, ಗೆಳೆಯನ ಕ್ಯಾಸೆಟ್ಟಿನಲ್ಲಿ. ಹಾಡು ಬಂದರೆ ಕಥೆ ನಿಂತಿತು ಎಂದೇ ನಂಬಿದ್ದವನು ನಾನು. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗು ಬಿದ್ದರೆ ಸತ್ತು ಮಲಗಿದವನೂ ಎದ್ದು ಹಾಡುತ್ತಿದ್ದನೆಂದು ನಮ್ಮ ಅಜ್ಜ ಹೇಳುತ್ತಿದ್ದರು! ಇಲ್ಲಿ ಕಥೆ ಹಾಡಿನ ಒಳಗಿನಿಂದಲೇ ನಡೆದು ಬಂತು. ಆ ವರ್ಷವಿಡೀ ಸಂಗೀತ ನಾಟಕಗಳ ಕ್ಯಾಸೆಟ್ಟುಗಳನ್ನು ಹುಡುಕಿಕೊಂಡು ಅಲೆದೆ. ಆ ಅಲೆದಾಟ ಇನ್ನೂ ಮುಗಿದಿಲ್ಲ.

ಹಾಡಿನ ಬೇರು ಒಂದು ರಂಗಸೂಚನೆ. ‘ಓಕ್ಲಹೋಮಾ!’ಕ್ಕೆ ಮೂಲವಾದ 1931ರ ತಮ್ಮ ನಾಟಕದ ಮೊದಲಲ್ಲೇ ಲಿನ್ ರಿಗ್ಸ್ ಬೇಸಗೆಯ ಬೆಳಗು, ಹುಲ್ಲುಗಾವಲಿನ ದನಗಳು, ಎಳೆಯ ಮೆಕ್ಕೆಜೋಳದ ಗರಿಗಳನ್ನು ಬಣ್ಣಿಸಿದ್ದರು. ಓದುವವರಿಗಷ್ಟೇ ದಕ್ಕುವ ಆ ಸಾಲುಗಳು ಪ್ರೇಕ್ಷಕರಿಗೆ ತಪ್ಪಿಹೋಗಬಾರದೆಂದು ಗೀತರಚನೆಕಾರ ಆಸ್ಕರ್ ಹ್ಯಾಮರ್‌ಸ್ಟೈನ್ ಅವನ್ನೇ ಹಾಡಾಗಿಸಿದರು. ಅದಕ್ಕೆ ಅವರಿಗೆ ಮೂರು ವಾರ ಹಿಡಿಯಿತು. ರಿಚರ್ಡ್ ರಾಜರ್ಸ್ ರಾಗ ಕಟ್ಟಿದ್ದು ಹತ್ತೇ ನಿಮಿಷದಲ್ಲಿ ಎನ್ನುತ್ತಾರೆ. ಪಾಪ, ಕವಿ!

[ಜೋಳದ ಹೊಲದ ಚಿತ್ರ]

ಹಾಡಿನಲ್ಲಿ ಜೋಳ ಎಷ್ಟೆತ್ತರ? ಹ್ಯಾಮರ್‌ಸ್ಟೈನ್ ಮೊದಲು ಬರೆದದ್ದು ದನಗಾಹಿಯ ಕುದುರೆಯ ಕಣ್ಣಿನೆತ್ತರ ಎಂದು. ಪಕ್ಕದವರ ಹೊಲಕ್ಕೆ ಹೋಗಿ ನೋಡಿದರೆ ಬೆಳೆ ಇನ್ನೂ ಮೇಲೆ ಹೋಗಿತ್ತು. ಜೊತೆಗೆ, ಹಾಡುವಾಗ ಆ ಪದ ಕಿವಿಗೆ ಥಟ್ಟನೆ ದಕ್ಕದೆಂಬ ಅನುಮಾನ ಮೊದಲೇ ಇತ್ತು. ಕುದುರೆ ಹೋಯಿತು, ಆನೆ ಬಂತು. ಕಥೆ ನಡೆಯುವ ಓಕ್ಲಹೋಮಾದಲ್ಲಿ ಆನೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ನ್ಯೂಯಾರ್ಕಿನ ಆ ಮೊದಲ ಸರಣಿಯಲ್ಲೇ ಪ್ರದರ್ಶನಗಳು 2,212 ಆದವು.

1955ರ ಸಿನಿಮಾವನ್ನು ಚಿತ್ರೀಕರಿಸಿದ್ದು ಅರಿಜೋನಾದಲ್ಲಿ. ಹಾಡಿನ ಮಾತು ಉಳಿಸಲು ಅಲ್ಲಿ ಜೋಳವನ್ನೇ ಬಿತ್ತಿ ಬೆಳೆಸಿದರು. ನೋಡಲು ಚೆಂದ. ಆದರೆ ಅಲ್ಲಿ ನಾಯಕ ಕರ್ಲಿ ಕುದುರೆಯೇರಿ ಕಣ್ಣೆದುರೇ ಹಾಡುತ್ತಾ ಬರುತ್ತಾನೆ. ರಂಗದ ಮೇಲೆ ದನಿ ಮೊದಲು, ಮನುಷ್ಯ ಆಮೇಲೆ. ಆದ್ದರಿಂದ ಸಿನಿಮಾ ಹಾಕಿಕೊಂಡರೂ ಮೊದಲ ಸಾಲುಗಳನ್ನು ಕಣ್ಣು ಮುಚ್ಚಿ ಕೇಳಿ.

[ಪರದೆ ಮತ್ತೆ ಕಪ್ಪು]