ಫ್ರೀಜರಿಗೆ ಹೋಗುವ ಮುಂಚಿನ ಮೂರು ನಿಮಿಷ

ಕೇಳುಗರಿಗೆಲ್ಲ ನಮಸ್ಕಾರ.

ಗಿಡದಿಂದ ಕಿತ್ತ ಮೇಲೂ ತರಕಾರಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತಲೇ ಇರುತ್ತದೆ. ಒಳಗೆ ಕೂಡಿಟ್ಟ ಸಕ್ಕರೆಯನ್ನು ತಾನೇ ಖರ್ಚು ಮಾಡುತ್ತದೆ, ನೀರನ್ನು ಬಿಟ್ಟುಕೊಡುತ್ತದೆ, ರಾಶಿ ಹಾಕಿದರೆ ಬಿಸಿಯೂ ಆಗುತ್ತದೆ. ಹಸಿ ಬಟಾಣಿಯನ್ನೇ ನೋಡಿ. ಕಿತ್ತ ಕೂಡಲೇ ಬಾಯಿಗೆ ಹಾಕಿದರೆ ಸಿಹಿ. ಎರಡು ದಿನ ಹೊರಗಿಟ್ಟರೆ ಆ ಸಿಹಿ ಇಳಿದು ಹಿಟ್ಟುಹಿಟ್ಟಾಗಿರುತ್ತದೆ. ಒಳಗಿದ್ದ ಸಕ್ಕರೆ ಪಿಷ್ಟವಾಗಿರುತ್ತದೆ. ಈ ಕೆಲಸಗಳ ಹಿಂದೆಲ್ಲ ಇರುವುದು ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು.

ತರಕಾರಿ ಸಂಸ್ಕರಣೆ ಎಂದ ಕೂಡಲೇ ಫ್ರೀಜರು, ಡ್ರೈಯರು, ಡಬ್ಬಿ ತುಂಬುವ ಯಂತ್ರ ಇವುಗಳ ಮಾತೇ ಜಾಸ್ತಿ. ನನಗನ್ನಿಸುವುದು ಬೇರೆ. ಬಣ್ಣ, ರುಚಿ, ಗಟ್ಟಿತನ, ಪೌಷ್ಟಿಕಾಂಶ ಇವೆಲ್ಲ ಬಹುಪಾಲು ತೀರ್ಮಾನವಾಗುವುದು ಯಂತ್ರಕ್ಕೆ ಹೋಗುವ ಮುಂಚೆಯೇ. ತೊಳೆಯುವಾಗ, ಹೆಚ್ಚುವಾಗ, ಬಿಸಿನೀರಿಗೆ ಹಾಕಿ ತೆಗೆಯುವಾಗ. ಅಲ್ಲಿ ಕೆಟ್ಟದ್ದನ್ನು ಆಮೇಲೆ ಎಷ್ಟು ದುಬಾರಿ ಯಂತ್ರವೂ ಸರಿಮಾಡಲಾರದು. ಇವತ್ತು ಆ ಮುಂಚಿನ ಕೆಲಸದ ಬಗ್ಗೆಯೇ ಮಾತಾಡೋಣ.

ಮೊದಲು ಬ್ಲಾಂಚಿಂಗ್. ತರಕಾರಿಯನ್ನು ಕುದಿಯುವ ನೀರಿನಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಇಟ್ಟು, ಕೂಡಲೇ ತಣ್ಣೀರಿಗೆ ಹಾಕುವುದಕ್ಕೆ ಈ ಹೆಸರು. ಬೇಯಿಸುವುದು ಇದರ ಉದ್ದೇಶವಲ್ಲ. ಕಿಣ್ವಗಳ ಕೆಲಸ ನಿಲ್ಲಿಸುವುದು ಉದ್ದೇಶ. ಫ್ರೀಜ್ ಮಾಡಿದರೆ ಎಲ್ಲ ನಿಂತುಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮೈನಸ್ 18 ಡಿಗ್ರಿಯಲ್ಲೂ ಕಿಣ್ವಗಳು ಪೂರ್ತಿ ಸುಮ್ಮನಿರುವುದಿಲ್ಲ, ನಿಧಾನ ಆಗುತ್ತವೆ ಅಷ್ಟೆ. ಲಿಪಾಕ್ಸಿಜನೇಸ್ ಎಂಬ ಒಂದು ಕಿಣ್ವ ತರಕಾರಿಯಲ್ಲಿರುವ ಚೂರುಪಾರು ಕೊಬ್ಬನ್ನು ಒಡೆಯುತ್ತಾ ಹೋಗುತ್ತದೆ. ಬ್ಲಾಂಚ್ ಮಾಡದೆ ಫ್ರೀಜರಿಗೆ ಹಾಕಿದ ಬಟಾಣಿಗೂ ಬೀನ್ಸಿಗೂ ಕೆಲವು ತಿಂಗಳಲ್ಲಿ ಒಣಹುಲ್ಲಿನಂಥ ವಾಸನೆ ಬರುವುದು ಇದರಿಂದಲೇ.

ಎಷ್ಟು ಹೊತ್ತು ಬಿಸಿನೀರಿನಲ್ಲಿ ಇಡಬೇಕು? ಬಿಡಿಸಿದ ಬಟಾಣಿಗೆ ಒಂದೂವರೆ ನಿಮಿಷ ಸಾಕು. ಬೀನ್ಸಿಗೆ, ಬಿಡಿಸಿದ ಬ್ರೊಕೊಲಿಗೆ ಮೂರು ನಿಮಿಷ. ಕ್ಯಾರೆಟ್ ಹೋಳಿಗೆ ಎರಡು, ಸಣ್ಣ ಇಡೀ ಕ್ಯಾರೆಟ್ಟಿಗೆ ಐದು. ಒಂದು ಕಿಲೋ ತರಕಾರಿಗೆ ಸುಮಾರು ಎಂಟು ಲೀಟರ್ ನೀರು ಬೇಕು. ಇಷ್ಟೊಂದು ಯಾಕೆ ಅಂತೀರಾ? ತರಕಾರಿ ಹಾಕಿದ ಮೇಲೆ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿ ಬರಬೇಕು. ಬರಲಿಲ್ಲ ಎಂದರೆ ನೀರು ಕಡಿಮೆಯಾಯಿತು, ಇಲ್ಲವೇ ತರಕಾರಿ ಜಾಸ್ತಿಯಾಯಿತು ಎಂದೇ ಅರ್ಥ. ಹಬೆಯಲ್ಲಾದರೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ. ಬಿಸಿಯಲ್ಲಿ ಎಷ್ಟು ಹೊತ್ತು ಇತ್ತೋ ಐಸ್ ಹಾಕಿದ ನೀರಿನಲ್ಲೂ ಅಷ್ಟೇ ಹೊತ್ತು ಇರಬೇಕು. ತಣಿಸದೆ ಬಿಟ್ಟರೆ ಒಳಗಿನ ಬಿಸಿಗೆ ಅದು ಬೇಯುತ್ತಲೇ ಇರುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ಅರ್ಧಂಬರ್ಧ ಬ್ಲಾಂಚ್ ಮಾಡುವುದು ಬ್ಲಾಂಚ್ ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಹಸಿ ತರಕಾರಿಯ ಜೀವಕೋಶದಲ್ಲಿ ಕಿಣ್ವ ಒಂದು ಕಡೆ, ಅದು ಒಡೆಯಬೇಕಾದ ವಸ್ತು ಇನ್ನೊಂದು ಕಡೆ ಇರುತ್ತದೆ. ನಡುವೆ ತೆಳುವಾದ ಪೊರೆ. ಅರೆಬರೆ ಬಿಸಿಗೆ ಆ ಪೊರೆ ಹರಿಯುತ್ತದೆ, ಕಿಣ್ವ ಮಾತ್ರ ಸಾಯುವುದಿಲ್ಲ. ಅಡ್ಡಿ ಹೋಯಿತು, ಕೆಲಸ ಇನ್ನೂ ಜೋರಾಯಿತು. ಒಂದು ನಿಮಿಷ ಉಳಿಸಲು ಹೋಗಿ ಇಡೀ ಚೀಲ ಕೆಡಿಸಿಕೊಳ್ಳುವುದು ಹೀಗೆ.

ಬ್ಲಾಂಚಿಂಗ್ ಸಾಕಷ್ಟು ಆಯಿತೇ ಎಂದು ನೋಡಲು ಕಾರ್ಖಾನೆಗಳಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಪೆರಾಕ್ಸಿಡೇಸ್ ಎಂಬ ಕಿಣ್ವ ಬಿಸಿಗೆ ಬಹಳ ಗಟ್ಟಿ. ಅದೇ ಸತ್ತಿದ್ದರೆ ಉಳಿದವೂ ಸತ್ತಿರುತ್ತವೆ ಎಂಬ ಲೆಕ್ಕ. ಹೋಳಿನ ಮೇಲೆ ಗ್ವಾಯಕಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕಗಳ ಹನಿ ಹಾಕುತ್ತಾರೆ. ಕೆಂಗಂದು ಬಣ್ಣ ಬಂದರೆ ಕಿಣ್ವ ಇನ್ನೂ ಬದುಕಿದೆ. ಆದರೆ ಈ ಪರೀಕ್ಷೆಯನ್ನೇ ನಂಬಿ ಪೆರಾಕ್ಸಿಡೇಸ್ ಪೂರ್ತಿ ಸಾಯುವವರೆಗೂ ಬಿಸಿ ಮಾಡಿದರೆ ತರಕಾರಿ ಅಗತ್ಯಕ್ಕಿಂತ ಹೆಚ್ಚು ಬೆಂದುಹೋಗುತ್ತದೆ. ವಾಸನೆ ಕೆಡಿಸುವ ಲಿಪಾಕ್ಸಿಜನೇಸ್ ಅದಕ್ಕಿಂತ ಮೊದಲೇ ಸತ್ತಿರುತ್ತದೆ. ಹಾಗಾಗಿ ಬಟಾಣಿ, ಬೀನ್ಸ್‌ಗಳಲ್ಲಿ ಲಿಪಾಕ್ಸಿಜನೇಸನ್ನೇ ನೋಡುವುದು ಒಳ್ಳೆಯದು ಎಂಬ ವಾದವಿದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಕಳ್ಳ ಯಾರೆಂದು ಗೊತ್ತಿರುವಾಗ ಊರಿನ ಗಟ್ಟಿಗನನ್ನು ಹಿಡಿದು ಏನು ಮಾಡುವುದು?

ಇನ್ನು ನಷ್ಟದ ಮಾತು. ವಿಟಮಿನ್ ಸಿ ಮತ್ತು ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುತ್ತವೆ. ಬಿಸಿನೀರಿಗೆ ಹಾಕಿದರೆ ಒಂದಷ್ಟು ಹೋಗಿಯೇ ಹೋಗುತ್ತದೆ. ಹಬೆಯಲ್ಲಿ ಈ ನಷ್ಟ ಕಡಿಮೆ. ಹೋಳು ಸಣ್ಣದಾದಷ್ಟೂ ಜಾಸ್ತಿ. ಮೊದಲು ತೊಳೆದು ಆಮೇಲೆ ಹೆಚ್ಚಬೇಕು ಎಂದು ಹೇಳುವುದು ಇದಕ್ಕೇ. ಹೆಚ್ಚಿದ್ದನ್ನು ಗಂಟೆಗಟ್ಟಲೆ ನೀರಿನಲ್ಲಿ ಸುಮ್ನೆ ನೆನೆಹಾಕುವುದು ಇನ್ನೂ ತಪ್ಪು. ಮೊಂಡು ಚಾಕುವೂ ಬೇಡ. ಅದು ಕತ್ತರಿಸುವ ಬದಲು ಜಜ್ಜುತ್ತದೆ, ಜಜ್ಜಿದ ಕಡೆ ರಸ ಸೋರುತ್ತದೆ, ಬೇಗ ಕಪ್ಪಾಗುತ್ತದೆ.

ಹಾಗಂತ ಬ್ಲಾಂಚ್ ಮಾಡಿ ಫ್ರೀಜ್ ಮಾಡಿದ್ದರಲ್ಲಿ ಸತ್ವವೇ ಇಲ್ಲ, ತಾಜಾ ಮಾತ್ರ ಒಳ್ಳೆಯದು ಎನ್ನುವುದೂ ಸರಿಯಲ್ಲ. ಕಿತ್ತ ಕೆಲವೇ ಗಂಟೆಗಳಲ್ಲಿ ಫ್ರೀಜ್ ಮಾಡಿದ ಪಾಲಕ್‌ನಲ್ಲಿ, ಹಲವು ದಿನ ಲಾರಿ, ಗೋದಾಮು, ಅಂಗಡಿ ಸುತ್ತಿ ಬಂದ ತಾಜಾ ಸೊಪ್ಪಿಗಿಂತ ಹೆಚ್ಚು ವಿಟಮಿನ್ ಸಿ ಉಳಿದಿರಬಹುದು. ತಾಜಾ ಅನ್ನುವುದು ಕಿತ್ತು ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಹಸಿಯಾಗಿ ಕಾಣುತ್ತದೆ ಎಂಬುದು ಬೇರೆ ಮಾತು, ಅಲ್ವಾ?

ನೀರಿಗೆ ಹೋದದ್ದೆಲ್ಲ ನಷ್ಟವೂ ಅಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ. ಕೆಲವರಲ್ಲಿ ಕಿಡ್ನಿ ಕಲ್ಲಿಗೂ ದಾರಿಯಾಗುತ್ತದೆ. ಕುದಿಸಿ ಆ ನೀರು ಚೆಲ್ಲಿದರೆ ಕರಗುವ ಆಕ್ಸಲೇಟಿನ ದೊಡ್ಡ ಪಾಲು ಹೊರಟುಹೋಗುತ್ತದೆ. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಸಿಪ್ಪೆ ತೆಗೆಯುವುದು, ತುರಿಯುವುದು, ನೆನೆಸುವುದು, ಚೆನ್ನಾಗಿ ಬೇಯಿಸುವುದು ಇವೆಲ್ಲ ಅದನ್ನು ತೆಗೆಯಲೆಂದೇ ಇರುವ ಕೆಲಸಗಳು.

ಆಲೂಗಡ್ಡೆಯದು ಇನ್ನೊಂದು ಕಥೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕರಿದ, ಬೇಕ್ ಮಾಡಿದ ತಿನಿಸುಗಳಲ್ಲಿ ಅಕ್ರಿಲಮೈಡ್ ಎಂಬ ಹಾನಿಕಾರಕ ರಾಸಾಯನಿಕ ಇದೆ ಎಂದು ಪ್ರಕಟಿಸಿದರು. ಆಲೂಗಡ್ಡೆಯಲ್ಲಿರುವ ಆಸ್ಪರಜೀನ್ ಎಂಬ ಅಮೈನೋ ಆಮ್ಲ ಮತ್ತು ಗ್ಲೂಕೋಸಿನಂಥ ಸಕ್ಕರೆ ಸುಮಾರು 120 ಡಿಗ್ರಿ ದಾಟಿದ ಬಿಸಿಯಲ್ಲಿ ಕೂಡಿದಾಗ ಇದು ಹುಟ್ಟುತ್ತದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಬಟಾಣಿಯಲ್ಲಿ ಆದದ್ದಕ್ಕೆ ತಿರುಗುಮುರುಗು. ಅಂಥ ಆಲೂಗಡ್ಡೆ ಕರಿದರೆ ಬೇಗ ಕಂದಾಗುತ್ತದೆ, ಅಕ್ರಿಲಮೈಡೂ ಜಾಸ್ತಿ. ಪರಿಹಾರ ಮತ್ತೆ ಮುಂಚಿನ ಕೆಲಸದಲ್ಲೇ ಇದೆ. ಹೆಚ್ಚಿದ ಹೋಳನ್ನು ಸ್ವಲ್ಪ ಹೊತ್ತು ನೀರಿನಲ್ಲಿಡುವುದು, ಇಲ್ಲವೇ ಬ್ಲಾಂಚ್ ಮಾಡುವುದು. ಸಕ್ಕರೆ ನೀರಿಗೆ ಹೋಗುತ್ತದೆ. ಹೋಳು ನೆನೆಹಾಕಬೇಡಿ ಎಂದು ಈಗಷ್ಟೇ ಹೇಳಿದೆ, ನಿಜ. ಕರಿಯುವ ಆಲೂಗಡ್ಡೆಗೆ ಆ ಮಾತು ಸಲ್ಲುವುದಿಲ್ಲ.

ಈಗ ಹಸಿರು ಬಣ್ಣಕ್ಕೆ ಬರೋಣ. ಬೀನ್ಸನ್ನು ಕುದಿಯುವ ನೀರಿಗೆ ಹಾಕಿದ ಕೂಡಲೇ ಹಸಿರು ಇನ್ನೂ ಹೊಳೆಯುತ್ತದೆ. ಜೀವಕೋಶಗಳ ನಡುವಿನ ಗಾಳಿ ಹೊರಗೆ ಹೋಗಿ ಒಳಗಿನ ಬಣ್ಣ ಚೆನ್ನಾಗಿ ಕಾಣುವುದರಿಂದ ಹಾಗೆ. ಇನ್ನೂ ಹೊತ್ತು ಕುದಿಸಿದರೆ ಅದೇ ಹಸಿರು ಪಾಚಿಯ ಕಂದಿಗೆ ತಿರುಗುತ್ತದೆ. ಕ್ಲೋರೋಫಿಲ್‌ನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ತರಕಾರಿಯದೇ ಹುಳಿ ಅಂಶ ಬಿಸಿಯಲ್ಲಿ ಹೊರಬಂದು ಅದನ್ನು ಕಿತ್ತುಹಾಕುತ್ತದೆ. ಮುಚ್ಚಳ ತೆಗೆದು ಬೇಯಿಸಿದರೆ ಹುಳಿಯ ಒಂದು ಭಾಗ ಹಬೆಯ ಜೊತೆ ಹೋಗುತ್ತದೆ. ಬೇಯಿಸುವ ಹೊತ್ತು ಕಡಿಮೆ ಮಾಡುವುದಂತೂ ಎಲ್ಲಕ್ಕಿಂತ ಒಳ್ಳೆಯದು.

ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಉಳಿಯುತ್ತದೆ. ಆದರೆ ತರಕಾರಿ ಮೆತ್ತಗಾಗುತ್ತದೆ, ವಿಟಮಿನ್ ಸಿ ಮತ್ತು ಬಿ1 ಹಾಳಾಗುತ್ತವೆ. ಕಣ್ಣಿಗೆ ಕೊಟ್ಟು ಹೊಟ್ಟೆಯಿಂದ ಕಿತ್ತುಕೊಂಡ ಹಾಗೆ. ಹಿಂದೆ ಡಬ್ಬಿ ಬಟಾಣಿಯನ್ನು ಹಸಿರಾಗಿಡಲು ತಾಮ್ರದ ಲವಣವನ್ನೇ ಹಾಕುತ್ತಿದ್ದರು. ಮೆಗ್ನೀಸಿಯಂ ಹೋದ ಜಾಗದಲ್ಲಿ ತಾಮ್ರ ಕೂತರೆ ಹಸಿರು ಕದಲುವುದೇ ಇಲ್ಲ. ತಾಮ್ರ ಹೆಚ್ಚಾದರೆ ವಿಷ ಎಂಬುದು ಬೇರೆ. ತುಂಬಾ ಹಸಿರು ಕಂಡಾಗ ನನಗೆ ಮೊದಲು ಬರುವುದು ಅನುಮಾನವೇ.

ಕ್ಯಾರೆಟ್ಟಿನ ಕಿತ್ತಳೆ, ಟೊಮೆಟೊದ ಕೆಂಪು ಹಾಗಲ್ಲ. ಅವು ಬಿಸಿಗೆ ಅಷ್ಟು ಹೆದರುವುದಿಲ್ಲ. ಬೇಯಿಸಿ ಸ್ವಲ್ಪ ಎಣ್ಣೆ ಸೇರಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ. ಅವಕ್ಕೆ ಶತ್ರು ಗಾಳಿ ಮತ್ತು ಬೆಳಕು.

ಗಟ್ಟಿತನದ ವಿಷಯ ನನಗೆ ಬಹಳ ಇಷ್ಟ. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್. ಕುದಿಯುವ ನೀರಿನಲ್ಲಿ ಅದು ಒಡೆದು ಕರಗುತ್ತದೆ, ತರಕಾರಿ ಮೆತ್ತಗಾಗುತ್ತದೆ. ಆದರೆ ಕ್ಯಾರೆಟ್ಟನ್ನೋ ಆಲೂಗಡ್ಡೆಯನ್ನೋ ಮೊದಲು ಸುಮಾರು 60 ಡಿಗ್ರಿ ನೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇಟ್ಟು, ಆಮೇಲೆ ಕುದಿಸಿ ನೋಡಿ. ಎಷ್ಟು ಕುದಿಸಿದರೂ ಬೇಗ ಕದಡುವುದಿಲ್ಲ. ಆ ಹದವಾದ ಬಿಸಿಯಲ್ಲಿ ಪೆಕ್ಟಿನ್ ಮಿಥೈಲ್ ಎಸ್ಟರೇಸ್ ಎಂಬ ಕಿಣ್ವ ಎಚ್ಚರಾಗುತ್ತದೆ. ಅದು ಪೆಕ್ಟಿನ್‌ನಲ್ಲಿ ಕ್ಯಾಲ್ಸಿಯಂ ಹಿಡಿದುಕೊಳ್ಳಲು ಜಾಗ ಮಾಡಿಕೊಡುತ್ತದೆ. ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳನ್ನು ಕಟ್ಟಿಹಾಕುತ್ತದೆ. ಡಬ್ಬಿಗೆ ತುಂಬುವ ತರಕಾರಿ ಮುದ್ದೆಯಾಗದಿರಲು ಕಾರ್ಖಾನೆಗಳು ಈ ಉಪಾಯವನ್ನು, ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡನ್ನು ಬಳಸುತ್ತವೆ.

ಅಂದರೆ ಕಿಣ್ವ ಯಾವಾಗಲೂ ಶತ್ರುವಲ್ಲ. ಬೆಳ್ಳುಳ್ಳಿಯ ಘಾಟು ಹುಟ್ಟುವುದೇ ಕಿಣ್ವದಿಂದ. ಇಡೀ ಎಸಳನ್ನು ಬಿಸಿಗೆ ಹಾಕಿದರೆ ಅಲ್ಲಿಯೇ ಕಿಣ್ವ ಸಾಯುತ್ತದೆ, ಆ ಘಾಟಿನ ವಸ್ತು ಅಲಿಸಿನ್ ಆಗುವುದೇ ಇಲ್ಲ. ಜಜ್ಜಿ ಹತ್ತು ನಿಮಿಷ ಬಿಟ್ಟು ಒಲೆಗೆ ಹಾಕಿದರೆ ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಬ್ರೊಕೊಲಿಯದೂ ಎಲೆಕೋಸಿನದೂ ಇದೇ ರೀತಿ. ಅವುಗಳಲ್ಲಿ ಮೈರೋಸಿನೇಸ್ ಎಂಬ ಕಿಣ್ವ ಇದೆ. ಹೆಚ್ಚಿದಾಗ ಅದು ಕೆಲಸ ಶುರು ಮಾಡುತ್ತದೆ. ಬ್ರೊಕೊಲಿಯಲ್ಲಿ ಅದರಿಂದ ಆರೋಗ್ಯಕ್ಕೆ ಒಳ್ಳೆಯದು ಎನ್ನಲಾಗುವ ಸಲ್ಫೊರಫೇನ್ ಎಂಬ ವಸ್ತು ಆಗುತ್ತದೆ. ಬ್ಲಾಂಚ್ ಮಾಡಿ ಫ್ರೀಜ್ ಮಾಡಿದ ಬ್ರೊಕೊಲಿಯಲ್ಲಿ ಈ ಕಿಣ್ವ ಹೆಚ್ಚುಕಡಿಮೆ ಸತ್ತಿರುತ್ತದೆ. ಬೆಂದ ಬ್ರೊಕೊಲಿಗೆ ಸ್ವಲ್ಪ ಸಾಸಿವೆ ಪುಡಿ ಸೇರಿಸಿದರೆ ಸಾಸಿವೆಯಲ್ಲಿರುವ ಅದೇ ಜಾತಿಯ ಕಿಣ್ವ ಆ ಕೆಲಸ ಮುಂದುವರಿಸುತ್ತದೆ. ನಿಮಗೆ ವಾಸನೆ ಕೆಡದೆ ತಿಂಗಳುಗಟ್ಟಲೆ ಇರಬೇಕೋ, ಸಲ್ಫೊರಫೇನ್ ಬೇಕೋ, ಮೊದಲೇ ತೀರ್ಮಾನಿಸಬೇಕು. ಒಂದೇ ಬಿಸಿನೀರಿನಲ್ಲಿ ಎರಡೂ ಸಿಗುವುದಿಲ್ಲ.

ಒಣಗಿಸುವುದರ ಬಗ್ಗೆ ಎರಡು ಮಾತು. ಬೇಗ ಆಗಲಿ ಎಂದು ಶುರುವಿಗೇ ಜೋರು ಬಿಸಿ ಕೊಟ್ಟರೆ ಹೊರಗೆ ಚಿಪ್ಪಿನಂತೆ ಗಟ್ಟಿಯಾಗಿ ಒಳಗೆ ತೇವ ಉಳಿಯುತ್ತದೆ. ಆಮೇಲೆ ಬೂಷ್ಟು ಹಿಡಿಯುತ್ತದೆ. 60 ಡಿಗ್ರಿ ಸುತ್ತಮುತ್ತ ಸಾಕು. ಬಣ್ಣ ಉಳಿಯಲೆಂದು ಸಲ್ಫೈಟ್ ಎಂಬ ಗಂಧಕದ ಲವಣದ ದ್ರಾವಣದಲ್ಲಿ ಅದ್ದುವುದುಂಟು. ಅದು ಬಣ್ಣವನ್ನೂ ವಿಟಮಿನ್ ಸಿಯನ್ನೂ ಕಾಪಾಡುತ್ತದೆ, ಬಿ1 ಅನ್ನು ಮಾತ್ರ ನಾಶ ಮಾಡುತ್ತದೆ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗುವುದೇ ಇಲ್ಲ. ಹಾಗಾಗಿ ಲೇಬಲ್ಲಿನ ಮೇಲೆ ಅದರ ಹೆಸರು ಇದೆಯೇ ಎಂದು ನೋಡಿಕೊಳ್ಳಿ.

ಡಬ್ಬಿಯ ವಿಷಯದಲ್ಲಿ ಗುಣಮಟ್ಟಕ್ಕಿಂತ ಮೊದಲು ಜೀವದ ಪ್ರಶ್ನೆ. ಫ್ರಾನ್ಸಿನ ನಿಕೊಲಾ ಅಪೇರ್ ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಬಿಸಿ ಮಾಡಿ ಕಾಪಾಡುವ ತನ್ನ ವಿಧಾನವನ್ನು 1810ರಲ್ಲಿ ಪ್ರಕಟಿಸಿದಾಗ ಆಹಾರ ಯಾಕೆ ಕೆಡುವುದಿಲ್ಲ ಎಂಬುದು ಅವನಿಗೇ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಕೈವಾಡ ತಿಳಿದದ್ದು ಆಮೇಲೆ. ಹುಳಿ ಕಡಿಮೆ ಇರುವ, ಅಂದರೆ ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಮೇಲಿರುವ ತರಕಾರಿಗಳಲ್ಲಿ ಬಾಟುಲಿಸಂ ಎಂಬ ಜೀವ ತೆಗೆಯಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣು ಬೆಳೆಯಬಲ್ಲದು. ಕುದಿಯುವ ನೀರಿಗೆ ಅದು ಜಗ್ಗುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿಯ ಬಿಸಿ ಬೇಕು. ಬೀನ್ಸನ್ನು ಬರೀ ಕುದಿಸಿ ಬಾಟಲಿಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಹೊರಗಿಡುವ ಸಾಹಸ ಖಂಡಿತ ಬೇಡ.

ಕೊನೆಗೆ, ಬ್ಲಾಂಚಿಂಗ್ ಮಾಡಲೇಬಾರದ ಒಂದು ಕೆಲಸ ಇದೆ. ತರಕಾರಿಯನ್ನು ಉಪ್ಪಿನಲ್ಲಿ ಹುದುಗಿಸುವುದು. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ತೂಕದ ಶೇಕಡಾ 2ರಿಂದ 2.5ರಷ್ಟು ಉಪ್ಪು ಬೆರೆಸಿ, ಗಾಳಿ ಆಡದಂತೆ ಒತ್ತಿಟ್ಟರೆ ಎಲೆಯ ಮೇಲೇ ಇದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೆಳೆದು ಹುಳಿ ಬರಿಸುತ್ತದೆ. ಆ ಹುಳಿಯೇ ಕಾವಲು. ಬಿಸಿನೀರಿಗೆ ಹಾಕಿದರೆ ಕೆಲಸಗಾರರೇ ಇಲ್ಲವಾಗುತ್ತಾರೆ. ಸೌತೆಕಾಯಿ ಹಾಕುವವರು ಇನ್ನೊಂದು ಗಮನಿಸಿ. ಹೂವು ಇದ್ದ ತುದಿಯನ್ನು ತೆಳುವಾಗಿ ಕತ್ತರಿಸಿ ತೆಗೆಯಿರಿ. ಕಾಯಿಯನ್ನು ಮೆತ್ತಗೆ ಮಾಡುವ ಕಿಣ್ವ ಇರುವುದು ಆ ತುದಿಯಲ್ಲಿ. ತೊಟ್ಟಿನ ಕಡೆ ಬೇಕಾದರೆ ಹಾಗೇ ಬಿಡಬಹುದು.

ನಮಸ್ಕಾರ.